ಎಡಗಿವಿಯ ಒಂದು ಹನಿ ರಕ್ತ

"ಗಟ್ಟಿ ಹಿಡೀರಿ. ಕಿವಿ ತುದ್ಯಾಗಿಂದ ಒಂದು ಹನಿ ರಕ್ತ ಸಾಕು," ಅಂದ ಅಂಬರೀಶ.

ದುಂಡಸಿಯ ಆ ಕುರಿದೊಡ್ಡಿಗೆ ಪಶು ಆಸ್ಪತ್ರೆಯ ಹೊಸ ಡಾಕ್ಟರು ಬಂದದ್ದು ಅದೇ ಮೊದಲು. ಸುಳ್ಳು ಯಾಕೆ ಹೇಳಲಿ, ನೋಡಲು ಅಂಥ ಚೆಲುವನೇನಲ್ಲ. ಆದರೆ ನರಳುವ ಕುರಿಯನ್ನು ಅವನು ಸಂತೈಸುವ ರೀತಿಗೆ, ಅದರ ಕೊರಳು ಹಿಡಿದಿದ್ದ ಮನೆಮಗಳು ಯಶೋಧರಾಳ ಎದೆ ಯಾಕೋ ಬಡಿದುಕೊಂಡಿತು...

ಮೂರು ಕುರಿಗಳಿಗೆ ಜ್ವರ. ಉಚ್ಚೆ ಕರಿ ಚಹಾದ ಬಣ್ಣ. ಅವನು ಎಡಗಿವಿಗಳ ತುದಿ ಚೂರು ಕತ್ತರಿಸಿ, ಗಾಜಿನ ಮೇಲೆ ರಕ್ತ ಸವರಿಕೊಂಡು ಹೋದ.

ಸಂಜೆ ಅವಳ ಅಪ್ಪ ಭರಮಪ್ಪ ಸವಣೂರಿನಿಂದ ಬಂದು ಕಿವಿಗಳನ್ನು ನೋಡಿದ. ಮುಖ ಕಪ್ಪಾಯಿತು.

ಆ ಮನೆಯದೊಂದು ಪದ್ಧತಿ. ತಮ್ಮ ಕುರಿಗೆ ಬಲಗಿವಿ ಕತ್ತರಿಸುತ್ತಾರೆ. ಎಡಗಿವಿಯನ್ನೂ ಕತ್ತರಿಸಿದರೆ, ಅದು ಮಗಳ ಜೊತೆ ಬೀಗರ ಮನೆಗೆ ಹೋಗುವ ಕುರಿ.

"ನನ್ನ ಕೇಳದನ ಲಗ್ನ ಗೊತ್ತು ಮಾಡ್ಕೊಂಡಿ?"

"ಅಪ್ಪಾ, ಅಂವ ಡಾಕ್ಟರ್..."

"ಯಲವಿಗಿಯಂವ ಅಲ್ಲಾ? ಅವರ ಮನ್ಯಾಗೂ ಕುರಿ ಅದಾವ. ಗೊತ್ತಿಲ್ದ ಮಾಡ್ಯಾನಾ? ಇನ್ನ ಅಂವ ಒಳಗ ಕಾಲಿಡಬಾರದು."

ಗೊತ್ತಿದ್ದೇ ಮಾಡಿದನೇ? ನನ್ನನ್ನು ಅಷ್ಟು ಅಗ್ಗ ಅಂದುಕೊಂಡನೇ? ಅವಳಿಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅಂಬರೀಶ ಬಂದಾಗ ಬಾಗಿಲಿಗೆ ಅವಳೇ ಅಡ್ಡ ನಿಂತಳು.

"ಉಣ್ಣಿ ಕಚ್ಚಿ ರಕ್ತದಾಗ ರೋಗದ ಹುಳ ಹೊಕ್ಕಾವ. ತಡಾ ಮಾಡಿದ್ರ ಸಾಯ್ತಾವ. ಒಳಗ ಬಿಡ್ರಿ," ಅಂದ ಅವನು.

"ಮೊದಲ ಹೇಳ್ರಿ, ಎಡಗಿವಿ ಯಾಕ ಕೊಯ್ದ್ರಿ? ಬೀಗರ ಮನಿ ಗುರುತು ಅದು."

ಅವನು ತಬ್ಬಿಬ್ಬಾದ. "ನಮ್ಮನ್ಯಾಗ ಕುರಿಗೆ ಬಣ್ಣ ಹಚ್ತೇವ್ರಿ, ಕಿವಿ ಕೊಯ್ಯಂಗಿಲ್ಲ. ಬಲಗಿವಿ ಮೊದ್ಲ ಕತ್ತರಿಸಿದ್ದಿತ್ತು... ಅದನ್ನ ಮತ್ತ ನೋಯಿಸೋದು ಬ್ಯಾಡ ಅಂತ..."

ಅಷ್ಟರಲ್ಲಿ ಒಳಗೆ, ಜ್ವರದ ಮೂರರಲ್ಲಿ ಗಬ್ಬವಾಗಿದ್ದ ಕುರಿ ಕುಸಿದು ಬಿತ್ತು.

"ಸತ್ರ ಸಾಯ್ಲಿ, ಅಂವನ್ನ ಬಿಡಬ್ಯಾಡ," ಹಿಂದಿನಿಂದ ಭರಮಪ್ಪ ಗದರಿದ.

"ಮಾನ ನಂದು, ಕುರಿ ಸಾಕಿದಾಕಿನೂ ನಾನ. ಬರ್ರಿ ಡಾಕ್ಟರ್," ಅಂದು ಅವಳು ಸರಿದು ನಿಂತಳು.

ಗಬ್ಬದ ಕುರಿ ಉಳಿಯಲಿಲ್ಲ. ಅವಳ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿತು. ಅಂಬರೀಶ ಉಳಿದೆರಡಕ್ಕೆ ಸೂಜಿ ಹಾಕಿ, ಅವಳ ಪಕ್ಕ ಕೂತು ಕುರಿಗಳ ಮೈಯಿಂದ ಉಣ್ಣಿ ಕೀಳತೊಡಗಿದ. ತುಸು ಹೊತ್ತಿಗೆ ಭರಮಪ್ಪನೂ ಬಂದು ಕೂತ. ಅವನೂ ಒಂದು ಕುರಿಯ ಕಿವಿ ಮಗುಚಿ ಉಣ್ಣಿ ಹುಡುಕತೊಡಗಿದ.

ದಿನವೂ ಬಂದ ಅಂಬರೀಶ. ವಾರದೊಳಗೆ ಎರಡೂ ಕುರಿ ಮೇವಿಗೆ ಬಾಯಿ ಹಾಕಿದವು.

"ಇನ್ನ ನಾ ಬರೋ ಕೆಲಸ ಇಲ್ರಿ," ಅಂದ. ಆದರೆ ಬೈಕ್ ಹತ್ತಲಿಲ್ಲ.

"ಕೆಲಸ ಇದ್ರಷ್ಟ ಬರ್ತೀರೇನು?"

"ಸುಮ್ನ ಬಂದ್ರ ನಿಮ್ಮಪ್ಪ ಏನಂತಾರ?"

"ಬೈತಾನ. ನನ್ನ ಕೇಳ್ರಿ."

"ಕೇಳಾಕತ್ತೇನಿ... ನಿಮ್ಮನ್ನ ನೋಡಾಕ ಬರ್ಲಿ?"

ಅವಳ ಕಣ್ಣು ತುಂಬಿತು.

"ಬರ್ರಿ. ಔಷಧಿ ಚೀಲ ಮನ್ಯಾಗ ಬಿಟ್ಟು ಬರ್ರಿ."