ನಾಲ್ಕು ಎರಡು ಏಳು, ಹಾಜರ್

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ವಯಸ್ಸು ಐವತ್ತೆಂಟರ ಆಸುಪಾಸು. ಕಂಕುಳಲ್ಲಿ ಸುರುಳಿ ಸುತ್ತಿದ ಹೋದ ವರ್ಷದ ಗೋಡೆ ಕ್ಯಾಲೆಂಡರ್.

"ಕಳ್ಳತನ ಆಗಿದೆ ಮೇಡಂ. ಬರ್ಕೊಳ್ಳಿ."

"ಎಲ್ಲಿ?" ಇನ್ಸ್‌ಪೆಕ್ಟರ್ ಕೇಳಿದಳು.

"ಇಲ್ಲೇ. ನಿಮ್ಮ ಠಾಣೇಲಿ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು. ಅವಳು ಈ ಠಾಣೆಗೆ ಬಂದು ಮೂರು ತಿಂಗಳಾಗಿತ್ತು. ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯುವುದು ಅವಳ ಅಭ್ಯಾಸ. ಎದುರಿಗಿದ್ದವರು ಆ ಮೌನ ತಡೆಯಲಾರದೆ ತಾವೇ ಮಾತು ತುಂಬುತ್ತಿದ್ದರು. ಈ ಹೆಂಗಸೂ ತುಂಬಿದಳು.

ಅವಳ ಗಂಡ ಇದೇ ಠಾಣೆಯಲ್ಲಿ ಮುಖ್ಯ ಪೇದೆಯಾಗಿದ್ದವನು. ಬೆಲ್ಟ್ ನಂಬರ್ 427. ನಾಲ್ಕು ತಿಂಗಳ ಹಿಂದೆ ನಿವೃತ್ತನಾದ. ಬೀಳ್ಕೊಡುಗೆಯ ಹಾರ ಒಣಗುವ ಮೊದಲೇ ಪಾರ್ಶ್ವವಾಯು ಹೊಡೆದು ಬಲಗೈಯೂ ಮಾತೂ ಹೋದವು. ಕಳೆದ ತಿಂಗಳು ಹೊಸ ಆದೇಶವೊಂದು ಬಂದಿತ್ತು: ಸೇವೆಯ ಕೊನೆಯ ಹತ್ತು ತಿಂಗಳಲ್ಲಿ ಸರ್ಕಾರಿ ರಜಾ ದಿನಗಳಂದು ನಿಜವಾಗಿ ಕೆಲಸ ಮಾಡಿದವರ ರಜಾ ವೇತನವನ್ನೂ ಸಂಬಳದೊಳಗೆ ಸೇರಿಸಿ ಪಿಂಚಣಿ ಲೆಕ್ಕ ಹಾಕಬೇಕು. ಅದಕ್ಕೆ ಠಾಣೆಯ ರಜಾ ಕರ್ತವ್ಯ ಪುಸ್ತಕದ ದೃಢೀಕೃತ ನಕಲು ಬೇಕು. ಕೊನೆಯ ದಿನ ಬರುವ ಶನಿವಾರ.

"ನಕಲು ಕೇಳೋಕೆ ಮೂರು ಸಲ ಬಂದೆ. ಹುಡುಕ್ತಾ ಇದೀವಿ ಅಂತಾರೆ," ಎಂದು ಅವಳು ಕ್ಯಾಲೆಂಡರ್ ಬಿಡಿಸಿದಳು. ಹದಿನಾಲ್ಕು ಕೆಂಪು ತಾರೀಖುಗಳ ಮೇಲೆ ನೀಲಿ ಶಾಯಿಯ ಸುತ್ತು. "ಇವು ಅವರು ಮನೇಲಿ ಊಟ ಮಾಡದೇ ಇದ್ದ ರಜಾಗಳು. ಊರಿಗೆಲ್ಲ ರಜಾ ಇದ್ರೆ ನಮ್ಮನೇಲಿ ಒಬ್ಬಳೇ ತಟ್ಟೆ ಹಾಕ್ಕೊಳ್ಳೋ ದಿನ."

"ಸೇರಿಸಿದ್ರೆ ಎಷ್ಟು ಹೆಚ್ಚಾಗುತ್ತೆ?"

"ಬಹಳ ಏನಿಲ್ಲ. ಅವರಿಗೆ ಮಾತು ಕಲಿಸೋಕೆ ಒಬ್ಬ ಹುಡುಗಿ ವಾರಕ್ಕೆ ಮೂರು ಸಲ ಬರ್ತಿದ್ಲು. ಅವಳ ಫೀಸಿನಷ್ಟು. ಹೋದ ತಿಂಗಳಿಂದ ಬರಬೇಡ ಅಂದಿದ್ದೀನಿ."

ಠಾಣೆಯ ಕಡತ, ದೂರು, ಪುಸ್ತಕ ಎಲ್ಲವನ್ನೂ ಬರೆದಿಡುವ ರೈಟರ್ ಬಾಗಿಲಲ್ಲೇ ನಿಂತಿದ್ದ. ಎರಡು ತಿಂಗಳಲ್ಲಿ ಅವನದೂ ನಿವೃತ್ತಿ. ನಾಲ್ಕು ಎರಡು ಏಳರ ಜೊತೆ ಮೂವತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವನು.

"ಅತ್ತಿಗೆ, ಇದಕ್ಕೆಲ್ಲ ಎಫ್‌ಐಆರ್ ಯಾಕೆ? ಇನ್ನೊಂದೆರಡು ದಿನ ಹುಡುಕೋಣ."

"ನೀವು ಹುಡುಕಿದ್ದು ಸಾಕು. ಬರೀರಿ."

ಅವನು ಇನ್ಸ್‌ಪೆಕ್ಟರ್ ಮುಖ ನೋಡಿದ. ಅವಳು ತಲೆಯಾಡಿಸಿದಳು. ಹತ್ತು ಐವತ್ತಕ್ಕೆ ಎಫ್‌ಐಆರ್ ಸಂಖ್ಯೆ 118 ದಾಖಲಾಯಿತು. ಎಂದಿನಂತೆ ಮುತ್ತು ಪೋಣಿಸಿದಂಥ ಅಕ್ಷರ.

ಹನ್ನೊಂದೂವರೆಗೆ ದಾಖಲೆ ಕೋಣೆಯ ಪಂಚನಾಮೆ. ಎದುರಿನ ಜೆರಾಕ್ಸ್ ಅಂಗಡಿಯವನೂ ಪಕ್ಕದ ದರ್ಜಿಯೂ ಪಂಚರು. ಬೀಗ ಮುರಿದಿಲ್ಲ. ಕಿಟಕಿ ಭದ್ರ. ಪ್ರತಿ ವರ್ಷದ ಪುಸ್ತಕಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಮೇಲೆ ಎಣಿಕೆಯ ಚೀಟಿ ಅಂಟಿಸಿಡುವುದು ಈ ಠಾಣೆಯ ಪದ್ಧತಿ. ಹೋದ ವರ್ಷದ ಕಟ್ಟಿನ ಗಂಟೂ ಬಿಗಿಯಾಗಿತ್ತು.

"ಚೀಟೀಲಿ ಏನಿದೆ?" ಇನ್ಸ್‌ಪೆಕ್ಟರ್ ಕೇಳಿದಳು.

"ಒಟ್ಟು ಪುಸ್ತಕ 11," ಎಂದು ರೈಟರ್ ಓದಿದ.

ಬಿಚ್ಚಿ ಎಣಿಸಿದರು. ಹನ್ನೊಂದೇ.

"ಹಾಗಾದ್ರೆ ಕಳೆದಿದ್ದೇನು? ಲೆಕ್ಕ ಸರಿಯಾಗಿದೆಯಲ್ಲ," ಎಂದ ದರ್ಜಿ. ಅಳತೆ ಸರಿಯಿದ್ದರೆ ಬಟ್ಟೆಯ ಬಗ್ಗೆ ತಕರಾರು ಕೇಳುವವನಲ್ಲ ಅವನು.

ಇನ್ಸ್‌ಪೆಕ್ಟರ್ ತನ್ನ ಕೋಣೆಗೆ ಬಂದು, ಅಧಿಕಾರ ವಹಿಸಿಕೊಂಡ ದಿನ ತಾನೇ ಸಹಿ ಹಾಕಿದ ಪಟ್ಟಿಯನ್ನು ತೆಗೆದಳು. ಅದರಲ್ಲಿ ಅದೇ ಕಟ್ಟಿಗೆ ಹನ್ನೆರಡು ಪುಸ್ತಕ. ಪಂಚನಾಮೆಯಲ್ಲಿ ವಶಪಡಿಸಿಕೊಂಡಿದ್ದ ಚೀಟಿಯನ್ನು ಬೆಳಕಿಗೆ ಹಿಡಿದಳು. ಉಳಿದ ಕಟ್ಟುಗಳ ಚೀಟಿಗಳೆಲ್ಲ ಹಳದಿಗಟ್ಟಿದ್ದವು, ಇದೊಂದು ಹಾಲಿನಷ್ಟು ಬಿಳಿ. 11 ಎಂಬಲ್ಲಿ ಎರಡೂ ಒಂದುಗಳ ಅಡಿಯಲ್ಲಿ ಪುಟ್ಟ ಅಡ್ಡಗೆರೆ. ಪಕ್ಕದಲ್ಲಿದ್ದ ಎಫ್‌ಐಆರ್ ನೋಡಿದಳು. 118ರ ಒಂದುಗಳಿಗೂ ಅದೇ ಗೆರೆ.

ಪುಸ್ತಕ ತೆಗೆದವನು ಯಾರೆಂಬುದು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಗೊತ್ತಾಗಿಹೋಗಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ಸ್ನೇಹಿತನ ಪಿಂಚಣಿಗೆ ಕಲ್ಲು ಹಾಕಿ ಇವನಿಗೆ ಬರುವುದೇನು? ಅಷ್ಟು ತಿಳಿಯದೆ ಬಾಯಿ ಬಿಡಬಾರದೆಂದು ಚೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಮಂಗಳವಾರ ಬೆಳಿಗ್ಗೆ ಜೀಪು ಹೊರಟಿತು. ಓಡಿಸುವ ಪೇದೆಗೆ ಠಾಣೆಯವರು ಇಟ್ಟ ಹೆಸರು ಮಿಂಚು. ಸೈಕಲ್ಲುಗಳು ಅವನ ಜೀಪನ್ನು ಹಿಂದೆ ಹಾಕಿ ಹೋಗುತ್ತಿದ್ದವು.

ನಾಲ್ಕು ಎರಡು ಏಳರ ಮನೆ ಎರಡನೇ ಮಹಡಿಯಲ್ಲಿ. ಕಿಟಕಿಯ ಬಳಿ ಎರಡು ಕುರ್ಚಿ. ಒಂದರಲ್ಲಿ ಅವನು, ಎಡಗೈಯಲ್ಲಿ ರಬ್ಬರ್ ಚೆಂಡು ಹಿಸುಕುತ್ತಾ. ಕಿಟಕಿಯ ಅಂಚಿನಲ್ಲಿ ಚಿತ್ರದ ಕಾರ್ಡುಗಳು: ಲೋಟ, ಚಪ್ಪಲಿ, ಬಾಗಿಲು.

"ನಮಸ್ಕಾರ. ಠಾಣೆಯಿಂದ ಬಂದಿದ್ದೀನಿ."

ಅವನು ನೆಟ್ಟಗೆ ಕೂತ. "ನಾಲ್ಕು ಎರಡು ಏಳು."

"ಅದೊಂದೇ ಬರೋದು ಮೇಡಂ," ಎಂದಳು ಹೆಂಡತಿ. "ನೀರು ಬೇಕಾದ್ರೂ ಅದೇ, ನೋವಾದ್ರೂ ಅದೇ. ಮೊನ್ನೆ ಗಂಜಿಗೆ ಉಪ್ಪು ಹಾಕೋದು ಮರೆತಿದ್ದೆ. ಅದೇ ನಂಬರಲ್ಲಿ ನನ್ನ ಜನ್ಮ ಜಾಲಾಡಿಬಿಟ್ರು."

ಅವನ ಬಾಯಿಯ ಎಡ ತುದಿ ನಕ್ಕಿತು.

"ಹದಿನಾಲ್ಕು ರಜಾ ಕೆಲಸ ಮಾಡಿದ್ರಾ?"

"ನಾಲ್ಕು ಎರಡು ಏಳು."

"ಪುಸ್ತಕ ಯಾರ ಹತ್ರ ಇದೆ ಗೊತ್ತಾ?"

ಚೆಂಡು ಹಿಸುಕುವುದು ನಿಂತಿತು. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಈ ಸಲ ನಂಬರ್ ಕೂಡ ಬರಲಿಲ್ಲ.

"ಯಾರ್ಯಾರು ನೋಡೋಕೆ ಬರ್ತಾರೆ?" ಇನ್ಸ್‌ಪೆಕ್ಟರ್ ಹೆಂಡತಿಯನ್ನು ಕೇಳಿದಳು.

"ರೈಟರ್ ಒಬ್ರೇ. ಪ್ರತಿ ಭಾನುವಾರ ಆ ಕುರ್ಚೀಲಿ ಕೂತು ಇವರ ಗಡ್ಡ ಬೋಳಿಸಿ ಹೋಗ್ತಾರೆ. ಈಗ ಮೂರು ವಾರದಿಂದ ಬಂದಿಲ್ಲ."

ಮೆಟ್ಟಿಲಿಳಿಯುವಾಗ ಆ ಮೂರು ಅಂಕಿ ಇನ್ಸ್‌ಪೆಕ್ಟರ್ ಕಿವಿಯಲ್ಲೇ ಉಳಿದವು. ಅವನು ಅದನ್ನು ಹೇಳುತ್ತಿದ್ದ ಧಾಟಿ ಹೆಸರು ಹೇಳುವವರದಲ್ಲ. ಒಂದೇ ಉಸಿರು, ಒಂದೇ ಮಟ್ಟ, ಕೊನೆಯಲ್ಲಿ ಉತ್ತರಕ್ಕೆ ಕಾಯುವ ಹಾಗೆ ಸ್ವಲ್ಪ ಮೇಲಕ್ಕೆ.

"ಎಲ್ಲೋ ಕೇಳಿದ ಹಾಗಿದೆ," ಎಂದಳು.

"ವೈರ್‌ಲೆಸ್ ಮೇಡಂ," ಎಂದ ಮಿಂಚು. "ಬೆಳಿಗ್ಗೆ ಆರು ಗಂಟೆಗೆ ಡ್ಯೂಟೀಲಿರೋರು ಕಂಟ್ರೋಲ್ ರೂಮಿಗೆ ಹೀಗೇ ಹೇಳೋದು. ಆಮೇಲೆ ಅವರು 'ಸರಿ' ಅಂತಾರೆ."

"ಜೀಪು ತಿರುಗಿಸು. ಇವತ್ತೇ ಮುಟ್ಟೋ ಹಾಗೆ ಓಡಿಸು."

ಕಂಟ್ರೋಲ್ ರೂಮಿನ ನಿರ್ವಾಹಕಿ ಒಂದು ಕಿವಿಯ ಹೆಡ್‌ಫೋನ್ ಸರಿಸಿಯೇ ಮಾತಾಡಿದಳು. ಹೋದ ವರ್ಷದ ಲಾಗ್ ಪುಸ್ತಕ ಕೇಳುವವರು ಅವಳಿಗೆ ಇದೇ ಮೊದಲು. ದೂರಿನ ಜೊತೆ ಹೆಂಡತಿ ಕೊಟ್ಟಿದ್ದ ಕ್ಯಾಲೆಂಡರನ್ನು ಇನ್ಸ್‌ಪೆಕ್ಟರ್ ಹರಡಿದಳು. ಮೊದಲ ನೀಲಿ ಸುತ್ತು. ಲಾಗ್‌ನಲ್ಲಿ: 06.00, ಠಾಣೆ, 427 ಹಾಜರ್. ಎರಡನೆಯದು: 427 ಹಾಜರ್. ಹೀಗೆ ಹದಿನಾಲ್ಕೂ. ಹೆಂಡತಿಯ ಸುತ್ತುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ.

ಸಂಬಳ ಶಾಖೆಯಲ್ಲಿ ಸಿಕ್ಕ ರಜಾ ವೇತನದ ಬಿಲ್ಲು ಮಾತ್ರ ಬೇರೆ ಹೇಳಿತು. ಅದೇ ಹದಿನಾಲ್ಕು ದಿನಗಳಲ್ಲಿ ಐದು 427ರ ಹೆಸರಲ್ಲಿ. ಉಳಿದ ಒಂಬತ್ತು ರೈಟರ್ ಹೆಸರಲ್ಲಿ.

ಜೀಪಿನಲ್ಲಿ ಮಿಂಚು ರಸ್ತೆಯ ಮೇಲಿಂದ ಕಣ್ಣು ಕದಲಿಸಲಿಲ್ಲ. ಅಷ್ಟು ಶ್ರದ್ಧೆ ಅವನದಲ್ಲ.

"ಹೇಳು," ಎಂದಳು ಇನ್ಸ್‌ಪೆಕ್ಟರ್.

"ಕೈಬದಲಿ ಅಂತೀವಿ ಮೇಡಂ. ಪಟ್ಟೀಲಿ ಒಬ್ರ ಹೆಸರಿರುತ್ತೆ, ನಿಲ್ಲೋದು ಇನ್ನೊಬ್ರು. ಪಟ್ಟಿ ತಿದ್ದಿದ್ರೆ ಮೇಲಿನಿಂದ ಪ್ರಶ್ನೆ ಬರುತ್ತೆ. ಅದಕ್ಕೆ ನಿಂತೋರೇ ಅವರ ಹೆಸರಲ್ಲಿ ಸಹಿ ಹಾಕೋದು. ದುಡ್ಡು ಬಂದಾಗ ನಿಂತವರ ಕೈಗೆ ಕೊಟ್ಟುಬಿಡ್ತಾರೆ. ಯಾರಿಗೂ ಮೋಸ ಇಲ್ಲ."

"ನೀನೂ ಮಾಡಿದ್ದೀಯಾ?"

"ಒಂದೆರಡು ಸಲ."

ಇನ್ಸ್‌ಪೆಕ್ಟರ್ ಸುಮ್ಮನಿದ್ದಳು.

"ಐದು ಮೇಡಂ."

"ವೈರ್‌ಲೆಸ್‌ನಲ್ಲೂ ಅವರ ನಂಬರೇ ಹೇಳ್ತೀರಾ?"

ಮಿಂಚು ತಲೆ ಕೆರೆದುಕೊಂಡ. "ಅದು ಮಾತ್ರ ಆಗಲ್ಲ. ಮೈಕ್ ಹಿಡಿದ್ರೆ ನಾಲಿಗೆಗೆ ಸ್ವಂತ ನಂಬರೇ ಬರೋದು. ಎಷ್ಟೋ ವರ್ಷದ ರೂಢಿ."

ಗುರುವಾರ ಮಧ್ಯಾಹ್ನ ಮೂರು ಹದಿನೈದಕ್ಕೆ ಇನ್ಸ್‌ಪೆಕ್ಟರ್ ರೈಟರ್‌ನನ್ನು ಕರೆದಳು. ಮೇಲಧಿಕಾರಿಗೆ ಬೆಳಿಗ್ಗೆಯೇ ವರದಿ ಹೋಗಿತ್ತು. ಮೇಜಿನ ಮೇಲೆ ಬಿಳಿ ಚೀಟಿ, ಬಿಲ್ಲು, ಲಾಗ್‌ನ ನಕಲು. ಅವನು ಚೀಟಿಯನ್ನಷ್ಟೇ ನೋಡಿದ. ಫ್ಯಾನಿನ ಗಾಳಿಗೆ ಅದು ಹಾರದ ಹಾಗೆ ಅಭ್ಯಾಸಬಲದಿಂದ ಪೇಪರ್‌ವೇಟ್ ಎತ್ತಿ ಅದರ ಮೇಲಿಟ್ಟ.

"ಚೀಟಿ ಯಾಕೆ ಬದಲಾಯಿಸಿದ್ರಿ? ಹಳೇದು ಹಾಗೇ ಬಿಟ್ಟಿದ್ರೆ ನಿಮ್ಮ ಕೈಬರಹ ನನಗೆ ಸಿಗ್ತಿರಲಿಲ್ಲ."

"ಹನ್ನೊಂದು ಪುಸ್ತಕ ಇಟ್ಟು ಹನ್ನೆರಡು ಅಂತ ಕಟ್ಟೋಕೆ ಕೈ ಬರಲಿಲ್ಲ ಮೇಡಂ."

"ಪುಸ್ತಕ ಎಲ್ಲಿದೆ?"

"ಮನೇಲಿ. ಅಮ್ಮನ ಕೋಣೇಲಿ."

"ಒಂಬತ್ತು ರಜಾ ನೀವೆಲ್ಲಿದ್ರಿ?"

"ಅದೇ ಕೋಣೇಲಿ." ಅವನು ನೆಲ ನೋಡಿದ. "ಅಮ್ಮ ಹಾಸಿಗೆ ಹಿಡಿದಿದ್ರು. ನೋಡ್ಕೊಳ್ಳೋ ನರ್ಸ್‌ಗೆ ರಜಾ ದಿನ ರಜಾ. ಅವಳೂ ಮನುಷ್ಯಳಲ್ವಾ. ಅಣ್ಣ, ಅದೇ ನಾಲ್ಕು ಎರಡು ಏಳು, ಅಂದ್ರು, ನೀನು ಹೋಗಿ ಅಮ್ಮನ ಹತ್ರ ಕೂತ್ಕೋ, ಠಾಣೆ ಏನೂ ಓಡಿಹೋಗಲ್ಲ ಅಂತ. ರಜಾ ವೇತನ ಪೈಸೆ ಇಟ್ಕೊಳ್ಳದೆ ಅವರ ಕೈಗೆ ಕೊಟ್ಟಿದ್ದೀನಿ."

"ಮತ್ತೆ ಕದ್ದಿದ್ದು ಯಾಕೆ?"

ಅವನು ಪೇಪರ್‌ವೇಟನ್ನು ಚೀಟಿಯ ನಟ್ಟನಡುವಿಗೆ ಸರಿಸಿದ. ಇನ್ಸ್‌ಪೆಕ್ಟರ್ ಅವಸರಪಡಿಸಲಿಲ್ಲ.

"ಆದೇಶ ಬಂತು. ಅಲ್ಲೀವರೆಗೆ ತಿಂಗಳ ದುಡ್ಡು ಅಷ್ಟೇ ಆಗಿತ್ತು, ಕೈಯಿಂದ ಕೈಗೆ ಹೋಗಿ ಮುಗೀತಿತ್ತು. ಪಿಂಚಣಿ ಹಾಗಲ್ಲ, ಸಾಯೋವರೆಗೆ ಬರುತ್ತೆ. ಅವರ ಒಂಬತ್ತು ದಿನ ನನ್ನ ಪಿಂಚಣಿಗೆ ಸೇರುತ್ತೆ. ತಿದ್ದೋಣ ಅಂತ ಪುಸ್ತಕ ಮನೆಗೆ ತಗೊಂಡು ಹೋದೆ. ತೆಗೆದು ನೋಡಿದ್ರೆ ಒಂಬತ್ತು ಕಡೆ ಅಣ್ಣನ ಕೈಯಲ್ಲಿ ನನ್ನ ಸಹಿ. ಹೊರಗೆ ಬಂದ್ರೆ ಸುಳ್ಳು ಸಹಿ ಅಂತ ಅವರ ಇರೋ ಪಿಂಚಣಿಗೂ ಕುತ್ತು, ನನ್ನ ಕೆಲಸಕ್ಕೂ ಕುತ್ತು. ಪುಸ್ತಕವೇ ಇಲ್ಲದಿದ್ರೆ ನನಗೂ ಇಲ್ಲ, ಅವರಿಗೂ ಇಲ್ಲ. ಯಾರಿಗೂ ಅನ್ಯಾಯ ಆಗಲ್ಲ ಅಂದ್ಕೊಂಡೆ."

"ಮಾತು ಕಲಿಸೋ ಹುಡುಗಿ ಬರೋದು ನಿಂತಿದೆ. ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಮೂರು ಭಾನುವಾರ ಆ ಮನೆಗೆ ಹೋಗಲು ಅವನಿಗೆ ಮುಖವಿರಲಿಲ್ಲ. ಈಗ ಎರಡೂ ಕೈಯಲ್ಲಿ ಆ ಮುಖ ಮುಚ್ಚಿಕೊಂಡ.

ನಾಲ್ಕೂವರೆಗೆ ಅವನ ಮನೆಯಲ್ಲಿ ಎರಡನೇ ಪಂಚನಾಮೆ. ಅಮ್ಮ ತೀರಿಕೊಂಡು ಎರಡು ತಿಂಗಳಾಗಿದ್ದರೂ ಮಂಚದ ಮೇಲಿನ ಹೊದಿಕೆ ಮಡಿಸಿಟ್ಟ ಹಾಗೇ ಇತ್ತು. ಔಷಧಿಯ ಕಪಾಟಿನ ಕೆಳಗಿನ ಖಾನೆಯಿಂದ ಪುಸ್ತಕವನ್ನು ಅವನೇ ತೆಗೆದುಕೊಟ್ಟ. ಮೂಲೆ ಮುದುಡದಂತೆ ರಟ್ಟು ಹಾಕಿ ಕಟ್ಟಿದ್ದ. ಐದು ನಲವತ್ತಕ್ಕೆ ದಸ್ತಗಿರಿ.

"ಹೇಳಿಕೆ ನಾನೇ ಬರೀಲಾ?"

"ಇಲ್ಲ. ಮಿಂಚು ಬರೀತಾನೆ."

ಮಿಂಚು ನಾಲಿಗೆ ಕಚ್ಚಿಕೊಂಡು ಬರೆಯತೊಡಗಿದ. ರೈಟರ್ ಎರಡು ಸಾಲು ಹೇಳಿ ತಡೆದ. "ಎಡಗಡೆ ಅಂಚು ಬಿಡು. ಕೋರ್ಟಲ್ಲಿ ಹೊಲಿಗೆ ಹಾಕಿದ್ರೆ ಅಕ್ಷರ ಒಳಗೆ ಹೋಗುತ್ತೆ." ಆಮೇಲೆ ಮುಖ್ಯವಾದ ಸಾಲನ್ನು ನಿಧಾನವಾಗಿ ಹೇಳಿದ: "ಈ ಒಂಬತ್ತು ದಿನ ನಾನು ಮನೆಯಲ್ಲಿದ್ದೆ. ಠಾಣೆಯಲ್ಲಿದ್ದವರು ನಾಲ್ಕು ಎರಡು ಏಳು. ಸಹಿ ಹಾಕಲು ನಾನೇ ಹೇಳಿದ್ದೆ. ಈ ದಿನಗಳನ್ನು ನನ್ನ ಪಿಂಚಣಿಗೆ ಸೇರಿಸಬಾರದು." ಓದಿಸಿ ಕೇಳಿ ಸಹಿ ಹಾಕಿದ. ತನ್ನ ಸಹಿ, ತನ್ನ ಕೈಯಲ್ಲಿ.

ಶುಕ್ರವಾರ ಹನ್ನೊಂದು ಗಂಟೆಗೆ ಪುಸ್ತಕ, ಲಾಗ್, ಹೇಳಿಕೆ ಮೂರರ ದೃಢೀಕೃತ ನಕಲುಗಳನ್ನು ಇನ್ಸ್‌ಪೆಕ್ಟರ್ ತಾನೇ ಪಿಂಚಣಿ ಶಾಖೆಗೆ ಒಯ್ದಳು. ಅಲ್ಲಿನ ಗುಮಾಸ್ತ ಕನ್ನಡಕ ಹಣೆಗೇರಿಸಿ, ಆದೇಶದ ಸಾಲಿನ ಮೇಲೆ ಬೆರಳಿಟ್ಟ. 'ನಿಜವಾಗಿ ಕೆಲಸ ಮಾಡಿದವರು' ಎಂದಿತ್ತು, 'ಸಹಿಯಿದ್ದವರು' ಎಂದಿರಲಿಲ್ಲ. ಮೂರು ವಾರದಲ್ಲಿ ಹದಿನಾಲ್ಕು ದಿನವೂ ಮಂಜೂರಾಯಿತು. ಸಹಿಯ ವಿಷಯಕ್ಕೆ ನಾಲ್ಕು ಎರಡು ಏಳಕ್ಕೆ ಒಂದು ಎಚ್ಚರಿಕೆ ಪತ್ರ ಬಂತು. ಹೆಂಡತಿ ಅದನ್ನು ಠಾಣೆಯಿಂದ ವಾಪಸ್ ಬಂದ ಕ್ಯಾಲೆಂಡರ್‌ನೊಳಗೆ ಸುತ್ತಿಟ್ಟಳು. ಠಾಣೆಯಲ್ಲಿ ಕೈಬದಲಿಗೆಂದೇ ಹೊಸ ಪುಸ್ತಕ ತೆರೆಯಿತು. ಮೊದಲ ಸಹಿ ಮಿಂಚುವಿನದು.

ಮಂಜೂರಾತಿ ಪತ್ರ ಕೊಡಲು ಇನ್ಸ್‌ಪೆಕ್ಟರ್ ಹೋದಾಗ, ಸುದ್ದಿ ತಿಳಿದು ಮತ್ತೆ ಬರತೊಡಗಿದ್ದ ಮಾತು ಕಲಿಸುವ ಹುಡುಗಿ ಕಾರ್ಡುಗಳನ್ನು ಜೋಡಿಸುತ್ತಿದ್ದಳು. ಇನ್ಸ್‌ಪೆಕ್ಟರ್ ಪತ್ರದ ಜೊತೆ ಹೇಳಿಕೆಯನ್ನೂ ಓದಿದಳು. ನಾಲ್ಕು ಎರಡು ಏಳು ಕೇಳುತ್ತಾ ಕೂತಿದ್ದ. ಕೊನೆಗೆ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿದ. ತುಟಿ ಎರಡು ಸಲ ಸೇರಿ ಬಿಟ್ಟಿತು.

"ಎಲ್ಲಿ?"

ಹುಡುಗಿಯ ಕೈಯಲ್ಲಿದ್ದ ಕಾರ್ಡು ಹಾಗೇ ನಿಂತಿತು. ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. ಅವನು ಎಡಗೈಯಿಂದ ಕುರ್ಚಿಯ ತೋಳನ್ನು ತಟ್ಟಿದ. "ಎಲ್ಲಿ?"

"ಜಾಮೀನು ಸಿಕ್ಕಿದೆ," ಎಂದಳು ಇನ್ಸ್‌ಪೆಕ್ಟರ್. "ಹೋದ ಭಾನುವಾರ ನಿಮ್ಮ ಬೀದಿ ತುದೀಲಿ ಗಂಟೆಗಟ್ಟಲೆ ನಿಂತಿದ್ರಂತೆ. ಮಿಂಚು ನೋಡಿದ್ದಾನೆ. ಮೇಲೆ ಬರೋ ಧೈರ್ಯ ಆಗಿಲ್ಲ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ನಾಲ್ಕು ದಿನದ ಗಡ್ಡವನ್ನು ಒಮ್ಮೆ, ಕುರ್ಚಿಯನ್ನು ಒಮ್ಮೆ ನೋಡಿದಳು.

"ಬರೋಕೆ ಹೇಳಿ ಮೇಡಂ. ಬ್ಲೇಡ್ ತಗೊಂಡೇ ಬರಲಿ. ಮೊದಲು ನಾನು ಹೊಟ್ಟೆ ತುಂಬ ಬೈಬೇಕು."

ಸಂಜೆ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಅಂತಿಮ ವರದಿಗೆ ಕೂತಳು. 'ಅಪರಾಧಕ್ಕೆ ಪ್ರೇರಣೆ' ಎಂಬ ಖಾನೆ ಖಾಲಿಯಿತ್ತು. ಲಾಭ ಎಂದು ಬರೆಯುವಂತಿರಲಿಲ್ಲ, ದ್ವೇಷ ಎಂದೂ ಅಲ್ಲ. ಸ್ವಲ್ಪ ಹೊತ್ತು ಕಿಟಕಿ ನೋಡಿ, ಬರೆದಳು: ಆರೋಪಿಯು ಸ್ನೇಹಿತನ ಒಂಬತ್ತು ದಿನಗಳ ಋಣದಲ್ಲಿದ್ದು, ಅದನ್ನು ಒಪ್ಪಿಕೊಂಡರೆ ಸ್ನೇಹಿತನಿಗೇ ಕೇಡಾಗುವುದೆಂದು ಹೆದರಿದ್ದನು. ಕೇಳಿದ್ದರೆ ಸ್ನೇಹಿತನು ಏನು ಹೇಳುತ್ತಿದ್ದನೆಂದು ವಿಚಾರಿಸಿರಲಿಲ್ಲ.

ಆಮೇಲೆ ಎಡಗಡೆ ಅಂಚು ಬಿಟ್ಟಿದ್ದೇನೆಯೇ ಎಂದು ನೋಡಿ, ಸಹಿ ಹಾಕಿದಳು.