ಉಗ್ರಾಣದ ಸುಣ್ಣದ ಡಬ್ಬಿ

"ನಾನು ಕದ್ದಿಲ್ಲ ಸಾರ್. ಇಷ್ಟು ಹೇಳಕ್ಕೆ ಸಂತೆಬಾಚಹಳ್ಳಿಯಿಂದ ಬಸ್ಸು ಬದಲಾಯ್ಸಿ ಬದಲಾಯ್ಸಿ ಬಂದಿವ್ನಿ," ಎಂದಳು ಆ ಹುಡುಗಿ.

ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಅವಳು ಚಪ್ಪಲಿಯನ್ನೂ ಬಿಡದೆ ನಿಂತಿದ್ದಳು. ಮಹಡಿಯಲ್ಲಿ ದೇವಯ್ಯ, ಕೆಳಗೆ ನಾನು, ಇಬ್ಬರಿಗೂ ಸಂಸಾರವಿಲ್ಲ. ದೇವಯ್ಯ ಕೋರ್ಟಿನಲ್ಲಿ ಪಾಟೀಸವಾಲಿಗೆ ಹೆಸರಾದ ವಕೀಲರಾಗಿದ್ದವರು. ಒಂದು ದಿನ ಕರಿಕೋಟನ್ನು ಕಳಚಿಟ್ಟು ಬಂದು ಮನೆಯಲ್ಲಿ ಕುಳಿತುಬಿಟ್ಟರು. ಅಂದಿನಿಂದ, ಪೊಲೀಸರ ಬಳಿ ಹೋಗಲು ಹೆದರುವವರು ಅವರನ್ನು ಹುಡುಕಿಕೊಂಡು ಬರುತ್ತಾರೆ. ನಾನು ಪಾಂಡವಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ರಜೆಯ ದಿನಗಳಲ್ಲಿ ಮಾತನಾಡಿಸಲು ಬೇರೆ ಯಾರೂ ಇಲ್ಲದ್ದರಿಂದ ಅವರ ಜೊತೆ ಹೋಗುವುದು ರೂಢಿಯಾಗಿದೆ.

"ಕೂತ್ಕೊಳವ್ವ," ಎಂದರು ದೇವಯ್ಯ. "ಕದ್ದಿಲ್ಲ ಅನ್ನೋದು ಆಯ್ತು. ಏನನ್ನ ಕದ್ದಿಲ್ಲ, ಅದನ್ನ ಹೇಳು."

"ಸುಣ್ಣದ ಡಬ್ಬಿ ಸಾರ್. ಎಲೆ ಅಡಿಕೆ ಆಕ್ಕೊಳೋರು ಸೊಂಟದಲ್ಲಿ ಸಿಗಿಸ್ಕತಾರಲ್ಲ, ಅಂತದ್ದು."

ಹುಡುಗಿಯ ಹೆಸರು ಸಹನ. ಪಾಂಡವಪುರದ ಹಳೆಯ ಬೆಲ್ಲದ ಗೋದಾಮೊಂದರಲ್ಲಿ ಗೂಢಚಾರನ ಸಿನಿಮಾ ಒಂದರ ಚಿತ್ರೀಕರಣ ನಡೆಯುತ್ತಿತ್ತು. ಅವಳು ಅಲ್ಲಿ ಕಲಾ ವಿಭಾಗದ ಸಹಾಯಕಿ. ಕತೆ ಕೆ.ಆರ್. ಪೇಟೆಯ ಹಿರಿಯ ಲೇಖಕ ಚಲುವಯ್ಯನವರದು. ಅವರು ಬರೆದ ಗೂಢಚಾರ ಕಾದಂಬರಿಗಳನ್ನು ನಾನು ಹುಡುಗನಾಗಿದ್ದಾಗ ಪಠ್ಯಪುಸ್ತಕದೊಳಗೆ ಅಡಗಿಸಿಟ್ಟುಕೊಂಡು ಓದಿದ್ದೆ. ಅವರ ಗೂಢಚಾರ ಪ್ರತಿ ಸಾಹಸಕ್ಕೂ ಮೊದಲು ನಾಗಮಂಗಲಕ್ಕೆ ಹೋಗುತ್ತಿದ್ದ. ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯ ಹಿಂದೆ 'ಉಗ್ರಾಣ' ಎಂಬ ಕತ್ತಲ ಕೋಣೆ. ಕುಳ್ಳಮ್ಮ ಎಂಬ ಹೆಂಗಸು ಅವನಿಗೊಂದು ಛತ್ರಿಯನ್ನೋ ಊಟದ ಡಬ್ಬಿಯನ್ನೋ ಕೊಟ್ಟು, ಕಳೆದುಕೊಂಡರೆ ಇನ್ನೊಂದಿಲ್ಲ ಎಂದು ಗದರಿಸಿ ಕಳುಹಿಸುತ್ತಿದ್ದಳು. ಎಲ್ಲ ಸೇರಿ ಅರ್ಧ ಪುಟ. ಆ ಅರ್ಧ ಪುಟಕ್ಕಾಗಿಯೇ ನಾನು ಪುಸ್ತಕ ಕೊಳ್ಳುತ್ತಿದ್ದೆ.

"ಕುಳ್ಳಮ್ಮ ಅಂದ್ರೆ ಚಲುವಯ್ಯನೋರ ಹೆಂಡ್ತಿ ಮಂಚಮ್ಮನೋರೇ ಅಂತೆ ಸಾರ್. ಕಾದಂಬರೀಲಿ ಬರೋ ಸಾಮಾನೆಲ್ಲ ಅವರು ನಿಜವಾಗ್ಲೂ ಮಾಡಿ ನೋಡ್ತಿದ್ರಂತೆ. ಅದ್ರಲ್ಲಿ ಉಳ್ಕೊಂಡಿದ್ದು ಈ ಡಬ್ಬಿ ಒಂದೇ. ಸಿನಿಮಾಗೆ ಅಂತ ಇಸ್ಕೊಂಡು ಬಂದು ಗಾಜಿನ ಬೀರುವಲ್ಲಿ ಇಟ್ಟಿದ್ವಿ. ಸೋಮವಾರ ಊಟದ ಹೊತ್ತಲ್ಲಿ ಓಗ್ಬುಟ್ಟದೆ. ಬೀಗ ಆಕಿದ್ದಂಗೇ ಅದೆ. ಬೀಗದಕೈ ಇರೋದು ನನ್ನತ್ರ ಒಂದು, ದಿಲೀಪ್ ಸಾರ್ ಹತ್ರ ಒಂದು. ಅವರು ಕಲಾ ನಿರ್ದೇಶಕರು, ಅವರನ್ನ ಯಾರು ಕೇಳ್ತಾರೆ?"

"ಕಂಪ್ಲೇಂಟು?"

"ಇವತ್ತು ಸಾಯಂಕಾಲದೊಳಗೆ ಸಿಗದಿದ್ರೆ ನನ್ನ ಹೆಸರು ಬರ್ದು ಕೊಡ್ತಾರಂತೆ. ಅದಕ್ಕೆ ಮೊದಲೇ ಮನೆಗೆ ಪೋನ್ ಮಾಡಿ ಕೇಳವ್ರೆ. ನಮ್ಮಪ್ಪ ಡೇರಿಗೆ ಹಾಲು ಹಾಕಕ್ಕೆ ಓದ್ರೆ ಸಾಲಲ್ಲಿ ನಿಂತೋರು ಮಾತು ನಿಲ್ಲಿಸ್ತಾರಂತೆ." ಅವಳು ಅಳಲಿಲ್ಲ. "ಕಳ್ಳಿ ಅಂತ ಒಂದ್ಸಲ ಅನ್ನಿಸ್ಕೊಂಡ್ರೆ ನಮ್ಮೂರಲ್ಲಿ ಅದು ಓಗಾಕಿಲ್ಲ ಸಾರ್."

ಗೋದಾಮಿನ ಹೊರಗೆ ಬೆಲ್ಲದ ವಾಸನೆ ಇನ್ನೂ ಉಳಿದಿತ್ತು. ಒಳಗೆ ಉಗ್ರಾಣವೆಂದರೆ ಗಾಜು, ಉಕ್ಕು, ನೀಲಿ ಬೆಳಕು. ಗೋಡೆಯ ತುಂಬ ಪರದೆಗಳು. ಕುಳ್ಳಮ್ಮನ ಜಾಗದಲ್ಲಿ ಬಿಳಿ ಕೋಟಿನ ತರುಣನೊಬ್ಬ ಬರುತ್ತಾನಂತೆ. ಬಾಗಿಲು ಕೊರೆಯುವ ಕೈಗಡಿಯಾರವೊಂದನ್ನು ನಾನು ಒತ್ತಿ ನೋಡಿದೆ. ಟಿಕ್ ಎಂದಿತು, ಅಷ್ಟೆ. ನಿಜವಾಗಿ ಕೊರೆಯಬೇಕಾದರೆ ಅದನ್ನು ಕಟ್ಟಿಕೊಂಡವನು ಬೆನ್ನಿಗೊಂದು ಲಾರಿಯ ಬ್ಯಾಟರಿಯನ್ನು ಹೊರಬೇಕಾಗುತ್ತದೆ.

ಬೀರುವಿನ ಬಾಗಿಲು ಮರದ ಚೌಕಟ್ಟಿನದು. ಮರದ ಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿದು ಗಾಜು ಕೂರಿಸಿದ್ದರು. ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ 'ಮುಟ್ಟಬೇಡಿ' ಎಂದು ಬರೆದಿತ್ತು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದ್ದವು. ಅದೂ ಸಿನಿಮಾದವರ ಒಂದು ಅಲಂಕಾರವೆಂದುಕೊಂಡು ನಾನು ಸುಮ್ಮನಾದೆ. ದೇವಯ್ಯ ಮಾತ್ರ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು.

ಕಾವಲುಗಾರ ನಂಜಪ್ಪ ಎದುರಿಗೆ ಬಂದು ನಿಂತ.

"ಸೋಮವಾರ ಎಲ್ಲಿದ್ದಲಾ ನಂಜಪ್ಪ?" ಎಂದರು ದೇವಯ್ಯ.

"ಇಲ್ಲೇ ಇದ್ನಲ್ಲಾ ಸಾರ್. ಎಲ್ಲಾರೂ ಊಟಕ್ಕೆ ಓಗಿದ್ರು. ವಾಕಿಟಾಕಿ ಕರ್ ಅಂತು. 'ಇಂದ್ಗಡೆ ಗೇಟಿಗೆ ಅಕ್ಕಿ ಬತ್ತವೆ, ಓಗಿ ಇಳಿಸ್ಕೊಳಿ' ಅಂದ್ರು. ಓದೆ. ಬೇಸನ್ನಿಗೆ ನೀರು ತುಂಬಿ ನೆರಳಲ್ಲಿಟ್ಟು ಕಾಯ್ಕೊಂಡು ಕೂತೆ. ಯಾವ ಗಾಡೀನೂ ಬರ್ನಿಲ್ಲ. ಸಾಕಾಗಿ ಎದ್ದು ಬಂದೆ."

"ಯಾರ ದನಿ?"

"ಅದ್ರಲ್ಲಿ ಎಲ್ಲಾರ ದನೀನೂ ಕಪ್ಪೆ ದನೀನೇ. ಗಂಡಸ್ರು ಅನ್ನದು ಗ್ಯಾರಂಟಿ. ಮಾತು ಮಾತ್ರ ರೇಡಿಯೋ ವಾರ್ತೆ ಓದ್ದಂಗಿತ್ತು."

"ಬೇಸನ್ನು ಅಗಲದ್ದೋ, ಆಳದ್ದೋ?"

"ಅಗಲದ್ದು ಸಾರ್," ಎಂದ ನಂಜಪ್ಪ, ಅದೇನು ದೊಡ್ಡ ವಿಷಯ ಎನ್ನುವಂತೆ.

ಕಲಾ ನಿರ್ದೇಶಕ ದಿಲೀಪ್ ಬೆಂಗಳೂರಿನವನು. "ಅಕ್ಕಿಯನ್ನ ಯಾರೂ ತರಿಸಿರಲಿಲ್ಲ. ಅಡುಗೆಯವರನ್ನೆಲ್ಲ ಕೇಳಿಬಿಟ್ಟೆ," ಎಂದ. "ವಾಕಿಟಾಕಿಗಳು ಬಾಗಿಲ ಹತ್ತಿರ ಚಾರ್ಜಿಗೆ ಬಿದ್ದಿರುತ್ವೆ. ಯಾರು ಬೇಕಾದ್ರೂ ತಗೋಬಹುದು. ಅಷ್ಟು ಬೆಲೆಬಾಳೋ ಸಾಮಾನು ಬಿಟ್ಟು ಆ ತಗಡಿನ ಡಬ್ಬಿ ಯಾರಿಗೆ ಬೇಕಾಯ್ತೋ. ಕ್ಯಾಮೆರಾಗೆ ಕಾಣಿಸ್ತಾನೇ ಇರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದು ತಳಕ್ಕೆ ತೂತು ಕೊರೆದು ನೀಲಿ ದೀಪ ಕೂರಿಸೋದು ಅಂತ ಅವತ್ತು ಬೆಳಿಗ್ಗೆ ಎಲ್ಲರ ಮುಂದೆ ಹೇಳಿದ್ದೆ."

"ಚಲುವಯ್ಯನವರೂ ಇದ್ರಾ?"

"ಇದ್ರು. ಪಾಪ, ಅವರಿಗೆ ನಮ್ಮ ಯಾವ ಸಾಮಾನೂ ಹಿಡಿಸಲ್ಲ. ಭಾನುವಾರ ನನ್ನನ್ನೂ ಡೈರೆಕ್ಟರ್ ಅರ್ಪಿತಾ ಮೇಡಮ್ಮನ್ನೂ ಕೂರಿಸ್ಕೊಂಡು, ಡ್ರೋನ್ ಬೇಡ, ನಿಜವಾದ ಪಾರಿವಾಳ ತರಿಸಿ ಅಂದ್ರು. ನಾವಿಬ್ಬರೂ ನಗು ತಡ್ಕೊಂಡು ಕೂತಿದ್ವಿ. ಸುಮ್ನೆ ಹಿರಿಯರ ಮರ್ಯಾದೆ ಯಾಕೆ ಕಳೀಬೇಕು ಅಂತ ಆ ಮಾತು ಬೇರೆ ಯಾರಿಗೂ ಹೇಳಲಿಲ್ಲ. ಮೇಡಮ್ಮು ಅವತ್ತು ರಾತ್ರಿಯೇ ಬೆಂಗಳೂರಿಗೆ ಹೋದ್ರು. ವಾಪಸ್ ಬಂದಿದ್ದು ಮಂಗಳವಾರ."

ಅಲ್ಲಿಂದ ನಾವು ಕೆ.ಆರ್. ಪೇಟೆಗೆ ಹೋದೆವು. ಚಲುವಯ್ಯನವರ ಮನೆ ಪೇಟೆಯ ಒಳರಸ್ತೆಯಲ್ಲಿತ್ತು. ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಮಾತು ಕೇಳಿಸುತ್ತಿತ್ತು. ಒಳಗೆ ಹೋದರೆ ಅವರೊಬ್ಬರೇ.

"ದಯವಿಟ್ಟು ಕುಳಿತುಕೊಳ್ಳಿ," ಎಂದರು. ಅಚ್ಚಾದ ಪುಟದಿಂದ ಎದ್ದು ಬಂದಂಥ ಮಾತು. "ಡಬ್ಬಿಯ ವಿಚಾರವಲ್ಲವೇ? ಹೇಳುತ್ತೇನೆ. ಸಿನಿಮಾದವರಿಗೆ ಒಂದು ಸಂಗತಿ ಅರ್ಥವಾಗುವುದೇ ಇಲ್ಲ. ಗೂಢಚಾರನ ಸಾಮಾನು ಯಾರೂ ಎರಡನೆಯ ಸಲ ತಿರುಗಿ ನೋಡದಂಥದ್ದಾಗಿರಬೇಕು. ಅವರ ಸಾಮಾನು ಪ್ರೇಕ್ಷಕರೆಲ್ಲ ತಿರುಗಿ ನೋಡುವಂಥದ್ದು. ಓದುವವನು ಅರ್ಧ ಪುಟದಲ್ಲಿ ನಂಬಿಬಿಡುತ್ತಾನೆ. ನೋಡುವವನಿಗೆ ದೀಪ ಉರಿಯಲೇಬೇಕು."

ನಾನು ಒಪ್ಪಿದೆ. ಅವರಿಗೆ ಉತ್ಸಾಹ ಬಂತು. ಮಂಚಮ್ಮನ ಅಣ್ಣನಿಗೆ ನಾಗಮಂಗಲದಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇದ್ದುದು, ಅಲ್ಲಿ ಅವಳು ಬೆಸುಗೆ ಕಲಿತದ್ದು, ಡಬ್ಬಿಯ ಸುಣ್ಣದ ಕೆಳಗೆ ಎಡಕ್ಕೆ ತಿರುವಿದರೆ ಮಾತ್ರ ತೆರೆಯುವ ಎರಡನೆಯ ಮುಚ್ಚಳ ಕೂರಿಸಿದ್ದು, ಹಠ ಹಿಡಿದು ಮೂರು ಸಲ ಕೆಡಿಸಿ ಮಾಡಿದ್ದು, ಎಲ್ಲವನ್ನೂ ಹೇಳಿದರು. ಮಂಗಳವಾರದಿಂದ ಅರ್ಪಿತಾ ಎರಡು ಸಲ ಬಂದು ಇದನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಹೋಗಿದ್ದಾರಂತೆ. ಪೊಲೀಸರಿಗೆ ಕೊಡಲು ವಿವರ ಬೇಕಲ್ಲ. ನಾವು ಎದ್ದಾಗ ಅವರು ಬಾಗಿಲವರೆಗೆ ಬಂದು, ಇನ್ನೇನಾದರೂ ಕೇಳುವುದಿದೆಯೇ ಎಂದರು. ಇಲ್ಲವೆಂದಾಗ ಅವರ ಮುಖ ಸಣ್ಣದಾಯಿತು.

"ಸಾಯಂಕಾಲ ಗೋದಾಮಿನ ಹತ್ರ ಬರಬೇಕು," ಎಂದರು ದೇವಯ್ಯ. "ಬರುವಾಗ ಡಬ್ಬಿಯ ಬಗ್ಗೆ ಇನ್ನೊಂದ್ಸಲ ಯೋಚನೆ ಮಾಡ್ಕೊಂಡು ಬನ್ನಿ."

ಬಿಸಿಲು ಇಳಿಯುವ ಹೊತ್ತಿಗೆ ನೀಲಿ ದೀಪಗಳ ಕೆಳಗೆ ಎಲ್ಲರೂ ಸೇರಿದರು. ನಿರ್ದೇಶಕಿ ಅರ್ಪಿತಾ ದೂರಿನ ಕಾಗದ ಹಿಡಿದುಕೊಂಡೇ ಕುಳಿತಿದ್ದರು. ಸಹನ ಗೋಡೆಗೊರಗಿ ನಿಂತಿದ್ದಳು.

"ಮೊದಲು ಗಾಜು," ಎಂದರು ದೇವಯ್ಯ. "ಮೇಷ್ಟ್ರೆ, ಆ ಅಕ್ಷರ ಓದಿ."

"ಮುಟ್ಟಬೇಡಿ. ತಿರುವುಮುರುವಾಗಿದೆ."

"ದಿಲೀಪ್, ನೀವು ಹಾಗೆ ಬರೆಸಿದ್ರಾ?"

ದಿಲೀಪ್ ಹತ್ತಿರ ಹೋಗಿ ಬಗ್ಗಿ ನೋಡಿದ. "ಇಲ್ಲ. ನೆಟ್ಟಗೇ ಬರೆಸಿದ್ದೆ."

"ಅಂದ್ರೆ ಯಾರೋ ಪಟ್ಟಿಗಳ ಸ್ಕ್ರೂ ಬಿಚ್ಚಿ ಗಾಜು ತೆಗೆದಿದ್ದಾರೆ. ವಾಪಸ್ ಕೂರಿಸುವಾಗ ಆತುರಕ್ಕೆ ಹಿಂದುಮುಂದಾಗಿದೆ. ಬೀಗದಕೈ ಇರುವವರು ಇಷ್ಟು ಪಾಡು ಪಡ್ತಾರಾ? ಸಹನ ಅಲ್ಲ, ನೀವೂ ಅಲ್ಲ. ನಿಮಗಂತೂ ಕದಿಯೋ ಅಗತ್ಯವೇ ಇಲ್ಲ, ಅವತ್ತು ಮಧ್ಯಾಹ್ನ ಡಬ್ಬಿ ಹೇಗೂ ನಿಮ್ಮ ಕೈಗೇ ಬರ್ತಿತ್ತು."

ಅರ್ಪಿತಾ ಕಾಗದವನ್ನು ಮಡಿಲಿಗಿಳಿಸಿದರು. "ಹಾಗಾದ್ರೆ ಅಕ್ಕಿ ಬರುತ್ತೆ ಅಂತ ಹೇಳಿದ್ದು ಯಾರು?"

"ಯಾರೂ ಹೇಳಿಲ್ಲ. ನಂಜಪ್ಪ, ನೀರು ಯಾಕೆ ಇಟ್ಟಿದ್ದಲಾ?"

"ಬಿಸಿಲಲ್ಲಿ ಪಂಜರದಾಗೆ ಬಂದಿರ್ತವೆ, ಬಾಯಾರಿರಾಕಿಲ್ವಾ ಸಾರ್?"

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ದಿಲೀಪ್ ಹಣೆ ಹಿಡಿದುಕೊಂಡ.

"ಹಕ್ಕಿ," ಎಂದರು ದೇವಯ್ಯ, ಮೊದಲ ಅಕ್ಷರವನ್ನು ಒತ್ತಿ. "ನಂಜಪ್ಪನ ಬಾಯಲ್ಲಿ ಹಕಾರ ನಿಲ್ಲಲ್ಲ. ಅವನಿಗೆ ಹೇಳಿದ್ದು ಹಕ್ಕಿ, ಅವನು ನಮಗೆ ಹೇಳಿದ್ದು ಅಕ್ಕಿ. ಆದರೆ ಕೊಕ್ಕಿಗೆ ಎಟುಕೋ ಹಾಗೆ ಅಗಲದ ಬೇಸನ್ನಿಟ್ಟಿದ್ದ, 'ಬತ್ತವೆ' ಅಂದಿದ್ದ. ಊಟದ ಅಕ್ಕಿ ಆಗಿದ್ರೆ 'ಬತ್ತದೆ' ಅಂತಿದ್ದ. ಕೋರ್ಟಿನಲ್ಲಿ ಇಂಥದ್ದು ಎಷ್ಟೋ ಕೇಳಿದ್ದೀನಿ."

"ನಾನು ಅಕ್ಕಿ ಅಂತಾನೇ ಏಳ್ದೆ," ಎಂದು ನಂಜಪ್ಪ ಗೊಣಗಿದ. "ಇವರು ಅಡುಗೆಯವರನ್ನ ಯಾಕೆ ಕೇಳ್ತಾವ್ರೆ ಅಂತ ನಂಗೂ ಅರ್ಥ ಆಗಿರ್ನಿಲ್ಲ."

ಅರ್ಪಿತಾ ನಕ್ಕುಬಿಟ್ಟರು. ದೇವಯ್ಯ ನಗಲಿಲ್ಲ.

"ಹಕ್ಕಿ ತರಿಸೋ ಮಾತು ಗೊತ್ತಿದ್ದದ್ದು ಮೂವರಿಗೆ. ಮೇಡಂ, ನೀವು ಬೆಂಗಳೂರಿನಲ್ಲಿದ್ರಿ, ಮೇಲಾಗಿ ದನಿ ಗಂಡಸಿನದು. ದಿಲೀಪ್ ಅಲ್ಲ ಅಂತ ಆಗಲೇ ಆಯ್ತು. ಉಳಿದವರು ಒಬ್ಬರು. ರೇಡಿಯೋ ವಾರ್ತೆಯ ಹಾಗೆ ಮಾತಾಡೋರು. ಡಬ್ಬಿಗೆ ತೂತು ಬೀಳುತ್ತೆ ಅಂತ ಬೆಳಿಗ್ಗೆ ಕೇಳಿಸಿಕೊಂಡವರು. ಸುಳ್ಳು ಹೇಳುವಾಗಲೂ ಮನುಷ್ಯ ತನಗೆ ಬೇಕಾಗಿದ್ದನ್ನೇ ಹೇಳ್ತಾನೆ. ಇವರಿಗೆ ಪಾರಿವಾಳ ಬೇಕಾಗಿತ್ತು." ಅವರು ತಿರುಗಿದರು. "ಚಲುವಯ್ಯನೋರೆ, ಇವತ್ತು ನಿಮ್ಮ ಮನೇಲಿ ಅಷ್ಟು ಹೊತ್ತು ಕೂತಿದ್ವಿ. ಡಬ್ಬಿ ಸಿಕ್ತಾ ಅಂತ ನೀವು ಒಂದು ಸಲವೂ ಕೇಳಲಿಲ್ಲ."

ಚಲುವಯ್ಯ ಪಂಚೆಯ ಮಡಿಕೆಯಿಂದ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಮಾಸಲು ಬಣ್ಣದ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ವಸ್ತು. ನೀಲಿ ಬೆಳಕಿನಲ್ಲಿ ಅದು ನಿಜಕ್ಕೂ ಕಾಣಿಸುತ್ತಿರಲಿಲ್ಲ.

"ತೂತು ಹಾಕಬೇಡಿ ಎಂದು ಹೇಳಿದೆ," ಎಂದರು. "ಸಿನಿಮಾ ಅಂದರೆ ಹೀಗೇ ಸಾರ್ ಎಂದರು."

"ತೂತು ತಪ್ಪಿಸೋಕೆ ತಗೊಂಡ್ರಿ, ಅದು ಅರ್ಥವಾಗುತ್ತೆ. ಮಂಗಳವಾರವೇ ಕೊಟ್ಟುಬಿಡಬಹುದಿತ್ತು. ಈ ಹುಡುಗಿಯ ಮೇಲೆ ಬಂದಿದೆ ಅಂತ ಗೊತ್ತಿರಲಿಲ್ವಾ?"

ಚಲುವಯ್ಯ ಮೇಜಿನ ಮೇಲಿನ ಡಬ್ಬಿಯನ್ನು ಬೆರಳಿನಿಂದ ಸವರಿದರು. ಮಾತು ಬಂದಾಗ ಅದು ಪುಸ್ತಕದ ಕನ್ನಡವಾಗಿರಲಿಲ್ಲ.

"ಗೊತ್ತಿತ್ತು. ನಾಳೀಕೆ ಏಳ್ತೀನಿ, ನಾಳೀಕೆ ಏಳ್ತೀನಿ ಅನ್ಕೊಂಡೆ. ಮಂಚಮ್ಮ ತೀರ್ಕೊಂಡ್ಮೇಲೆ ಯಾರೂ ಅವಳ ಎಸರು ಎತ್ತಿರ್ನಿಲ್ಲ ಸಾರ್. ಮಕ್ಕಳಿಲ್ಲ. ನೆಂಟರು ಬಂದ್ರೂ ನಾನು ನೊಂದ್ಕೋತೀನಿ ಅಂತ ಬೇರೆ ಮಾತಾಡ್ತಾರೆ. ಡಬ್ಬಿ ಓದ್ಮೇಲೆ ಎಲ್ಲಾರೂ ಬಂದ್ರು. ಮಂಚಮ್ಮ ಎಂಗೆ ಮಾಡಿದ್ರು, ಯಾಕೆ ಮಾಡಿದ್ರು, ಏನಂತಿದ್ರು, ಎಲ್ಲಾ ಕೇಳಿದ್ರು. ಕೂತ್ಕೊಂಡು ಕೇಳಿದ್ರು. ಡಬ್ಬಿ ಸಿಕ್ಬುಟ್ರೆ ಇನ್ಯಾರು ಕೇಳ್ತಾರೆ?"

ಅರ್ಪಿತಾ ತಲೆ ತಗ್ಗಿಸಿದರು. ಮಹಡಿಯ ಮನೆಯೂ ಕೆಳಗಿನ ಮನೆಯೂ ನನ್ನ ಕಣ್ಣ ಮುಂದೆ ಬಂದವು. ನಾನು ಕಿಟಕಿಯ ಕಡೆ ನೋಡುತ್ತಾ ನಿಂತೆ.

ಮೊದಲು ಮಾತನಾಡಿದವಳು ಸಹನ. "ನಾನು ಕೇಳಿದ್ದೆ," ಎಂದಳು. ದನಿ ಗಟ್ಟಿಯಾಗಿತ್ತು. "ಡಬ್ಬಿ ಈಸ್ಕೊಳಕ್ಕೆ ನಿಮ್ಮ ಮನೆಗೆ ಬಂದಿದ್ನಲ್ಲ, ಅವತ್ತೇ ಕೇಳಿದ್ದೆ, ಇದನ್ನ ಎಂಗೆ ಮಾಡಿದ್ರು ಅಂತ. ನಿಂಗ್ಯಾಕೆ, ತಗೊಂಡೋಗಿ ಮಡಗು ಅಂದ್ರಿ."

ಅವರು ಅವಳ ಮುಖವನ್ನೇ ನೋಡಿದರು. ಅವಳು ಆವರೆಗೆ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲವೆಂದು ನನಗೆ ಅನ್ನಿಸಿತು.

"ತಪ್ಪಾಯ್ತು ಕಣವ್ವ."

"ಇಲ್ಲಿ ಏಳಿದ್ರೆ ಏನು ಬಂತು? ಇವರು ನಾಳೆ ಗಂಟುಮೂಟೆ ಕಟ್ಕೊಂಡು ಓಯ್ತಾರೆ. ನಮ್ಮಪ್ಪನ ಮುಂದೆ ಏಳಿ. ಡೇರಿ ತಾವ, ಸಾಲಲ್ಲಿ ನಿಂತೋರ ಮುಂದೆ ಏಳಿ."

ಅರ್ಪಿತಾ ದೂರಿನ ಕಾಗದವನ್ನು ಹರಿದು, ಡಬ್ಬಿಯನ್ನು ಚಲುವಯ್ಯನವರಿಗೇ ಮರಳಿಸಿ, ಕಾರು ಕೊಡುವುದಾಗಿ ಹೇಳಿದರು. ಸಹನ ಬೇಡವೆಂದಳು. ಕಾರಿನಲ್ಲಿ ಹೋಗಿ ಇಳಿದರೆ ಊರಿನವರು ಅದಕ್ಕೂ ಒಂದು ಕತೆ ಕಟ್ಟುತ್ತಾರಂತೆ.

ಹೀಗಾಗಿ ನಾವು ನಾಲ್ವರೂ ಬಸ್ಸು ಹತ್ತಿದೆವು. ಕೆ.ಆರ್. ಪೇಟೆಯಲ್ಲಿ ಇಳಿದು ಇನ್ನೊಂದನ್ನು ಹಿಡಿದೆವು. ಚಲುವಯ್ಯ ತಮ್ಮ ಮನೆಯ ದಾರಿಯ ಕಡೆ ನೋಡಿದರಾದರೂ ಅತ್ತ ಹೆಜ್ಜೆ ಹಾಕಲಿಲ್ಲ. ಬಸ್ಸಿನಲ್ಲಿ ಸಹನ ಮುಂದಿನ ಹೆಂಗಸರ ಸೀಟಿನಲ್ಲಿ ಕುಳಿತಳು, ಅವರು ಅವಳ ಹಿಂದೆ, ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ದೇವಯ್ಯ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿದ್ದರು, ನಿದ್ದೆ ಮಾಡಿರಲಿಲ್ಲ.

ಊರು ಹತ್ತಿರ ಬರುತ್ತಿದ್ದಾಗ ಸಹನ ತಿರುಗಿ ಆ ಮುಷ್ಟಿಯನ್ನು ನೋಡಿದಳು. ತಡೆದುಕೊಳ್ಳಲು ಯತ್ನಿಸಿ ಸೋತವಳಂತೆ ಕೇಳಿದಳು:

"ಆ ಎರಡನೇ ಮುಚ್ಚಳಕ್ಕೆ ಒಳಗಿಂದ ಬೆಸುಗೆ ಎಂಗೆ ಆಕಿದ್ರು? ಅಷ್ಟು ಸಣ್ಣ ಜಾಗದಲ್ಲಿ ಕೈ ಓಗಾಕಿಲ್ವಲ್ಲ?"

ಚಲುವಯ್ಯನವರ ಮುಖ ಅರಳಿತು. ಹೇಳಲು ಬಾಯಿ ತೆರೆದರು, ಡಬ್ಬಿ ಹಿಡಿದ ಕೈಯೂ ಮೇಲೆದ್ದಿತು. ಅಷ್ಟರಲ್ಲಿ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಿದ್ದವರ ಸಾಲು ಕಿಟಕಿಯಲ್ಲಿ ಕಂಡಿತು. ಅವರ ಕೈ ಕೆಳಗಿಳಿಯಿತು.

"ಮೊದ್ಲು ನಿಮ್ಮಪ್ಪನ ತಾವ ಮಾತಾಡ್ತೀನಿ," ಎಂದರು. "ಆಮೇಲೂ ನಿಂಗೆ ಕೇಳ್ಬೇಕು ಅನ್ನಿಸಿದ್ರೆ ಕೇಳವ್ವ."

ಬಸ್ಸು ನಿಂತಿತು. ಅವರು ಎಲ್ಲರಿಗಿಂತ ಮೊದಲು ಇಳಿದರು.