ಬಾಳೆತೋಟದ ತಿರುವಿನಲ್ಲಿ ಕೂಗಿದ ಪೆಟ್ಟಿಗೆ

೨೦೦೬ರ ಫೆಬ್ರವರಿ ಒಂಬತ್ತು, ಗುರುವಾರ. ತಿ. ನರಸೀಪುರ ಠಾಣೆಯಲ್ಲಿ ಕಸ ಗುಡಿಸಿ ಮುಗಿಯುವ ಮೊದಲೇ ಬನ್ನೂರಿನ ರೈಸ್‌ಮಿಲ್ ಮಾಲೀಕ ಗುರುಮಲ್ಲಪ್ಪ ಒಳಗೆ ಬಂದು, ಯಾರೂ ಹೇಳದಿದ್ದರೂ ಕುರ್ಚಿ ಎಳೆದುಕೊಂಡು ಕೂತರು. ಹಿಂದಿನ ದಿನ ಸಂಜೆ ಮೂಗೂರು ರಸ್ತೆಯಲ್ಲಿ ಯಾರೋ ಅವರ ಮಗ ಮದನನ ಕಾರಿನ ಮೇಲೆ ಬಿದ್ದು ಅವನ ಬಲಗಾಲು ಮುರಿದಿದ್ದರು. ಮದನ್ ಮೈಸೂರಿನ ಆಸ್ಪತ್ರೆಯಲ್ಲಿದ್ದ.

"ಮುಖ ನೋಡಿದ್ನಾ?" ಇನ್ಸ್‌ಪೆಕ್ಟರ್ ಪ್ರೇಮ್‌ಕುಮಾರ್ ಕೇಳಿದರು.

"ಟವಲ್ ಸುತ್ಕೊಂಡಿದ್ನಂತೆ. ಮುಂದಿನ ಗಾಜಿಗೆ ಗ್ಯಾರೇಜಿನ ಕಪ್ಪು ಆಯಿಲ್ ಎರಚವ್ನೆ. ಕಾರು ನಿಂತಿದ್ದೇ ತಡ, ಡೋರ್ ತೆಗ್ದು ರಾಡಲ್ಲಿ ಹೊಡ್ದವ್ನೆ."

"ಏನು ಕಳುವಾಗಿದೆ?"

"ಏನೂ ಇಲ್ಲ. ಕತ್ನಲ್ಲಿ ಚೈನು ಹಂಗೇ ಇತ್ತು."

"ಯಾರ ಜೊತೆಗಾದ್ರೂ ದ್ವೇಷ?"

"ನಮಗ್ಯಾರ್ರೀ ದ್ವೇಷ? ನಾವಾಯ್ತು, ನಮ್ ಮಿಲ್ಲಾಯ್ತು."

ಶತ್ರುವೇ ಇಲ್ಲದ ರೈಸ್‌ಮಿಲ್ ಮಾಲೀಕನನ್ನು ಪ್ರೇಮ್‌ಕುಮಾರ್ ತಮ್ಮ ಸರ್ವೀಸಿನಲ್ಲಿ ಇನ್ನೂ ಕಂಡಿರಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡು ಎಫ್‌ಐಆರ್ ದಾಖಲಿಸಿದರು. ಐಪಿಸಿ ೩೪೧, ೩೨೬: ಅಡ್ಡಗಟ್ಟಿ ತಡೆದದ್ದು, ಆಯುಧದಿಂದ ತೀವ್ರ ಗಾಯ ಮಾಡಿದ್ದು.

ಸ್ಥಳ ಪಂಚನಾಮೆಗೆ ಕಾನ್‌ಸ್ಟೇಬಲ್ ಕರಿಯಯ್ಯನನ್ನು ಕರೆದುಕೊಂಡು ಹೊರಟರು. ಹೆಡ್ ಕಾನ್‌ಸ್ಟೇಬಲ್ ಚಿಕ್ಕಸ್ವಾಮಿ ಇದ್ದಿದ್ದರೆ ಕೆಲಸ ಚೊಕ್ಕವಾಗುತ್ತಿತ್ತು. ಎರಡು ತಿಂಗಳ ಹಿಂದೆ ತುಮಕೂರಿನಿಂದ ವರ್ಗವಾಗಿ ಬಂದ ಪ್ರೇಮ್‌ಕುಮಾರ್‌ಗೆ ಈ ಸೀಮೆಯ ದಾರಿ, ಜನ, ಜಗಳ ಎಲ್ಲವನ್ನೂ ಪರಿಚಯ ಮಾಡಿಕೊಟ್ಟವರೇ ಅವರು. ಆದರೆ ಅವರು ಅವತ್ತು ಕಾರುಗಳ ವೇಗ ಅಳೆಯುವ ರೇಡಾರ್ ಗನ್ ಹಿಡಿದು ಬನ್ನೂರು ರಸ್ತೆಗೆ ಹೋಗಿದ್ದರು. ಇಡೀ ಸಬ್‌ಡಿವಿಷನ್ನಿಗೆ ಇದ್ದದ್ದು ಅದೊಂದೇ ಗನ್ನು.

ಮೂಗೂರು ರಸ್ತೆಯ ಬಾಳೆತೋಟದ ತಿರುವಿನಲ್ಲಿ ಕಾರು ಹಾಗೇ ನಿಂತಿತ್ತು. ಎದುರು ಬಯಲಿನಲ್ಲಿ ಹಸು ಮೇಯಿಸುವ ಮುತ್ತಮ್ಮ ಎಲ್ಲವನ್ನೂ ನೋಡಿದ್ದಳು.

"ಆ ಕಾರು ಓಯ್ತು ಅಂದ್ರೆ ನಮ್ ಸೆರಗು ಆರೋಗದು ಸಾ. ನೆನ್ನೆ ಅದೇನಾಯ್ತೋ, ಎತ್ತಿನ ಗಾಡಿ ಥರಾ ಮೆತ್ತುಗ್ ಬತ್ತು."

"ಯಾರಾದ್ರೂ ಅಡ್ಡ ನಿಂತಿದ್ರಾ?"

"ಊಹೂಂ. ಅದು ನಿದಾನ ಆದ್ಮೇಲೇ ಬಾಳೆ ಮರೆಯಿಂದ ಒಬ್ಬ ಎದ್ ಬಂದ."

ಪ್ರೇಮ್‌ಕುಮಾರ್ ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿದರು. ಹಂಪ್ ಇಲ್ಲ, ಗುಂಡಿ ಇಲ್ಲ. ಬ್ರೇಕ್ ಒತ್ತಿದ ಕಪ್ಪು ಗೆರೆ ಮಾತ್ರ ತಿರುವಿಗೆ ಬಹಳ ಹಿಂದೆಯೇ ಶುರುವಾಗಿತ್ತು. ಕಾರಿನೊಳಗೆ ತಲೆ ಹಾಕಿದಾಗ ಮುಂದಿನ ಗಾಜಿನ ಒಳಮೈಯಲ್ಲಿ ರಬ್ಬರ್ ಬಟ್ಟಲು ಅಂಟಿಸಿದ್ದ ಎರಡು ದುಂಡು ಗುರುತು ಕಂಡವು.

"ಗಣಪತಿ ಇಟ್ಟಿರ್ತಾರೆ ಸಾ," ಎಂದ ಕರಿಯಯ್ಯ.

ಸಿಗರೇಟ್ ಲೈಟರ್‌ನ ತೂತಿನಿಂದ ನೇತಾಡುತ್ತಿದ್ದ ತುಂಡು ವೈರನ್ನು ಪ್ರೇಮ್‌ಕುಮಾರ್ ಎತ್ತಿ ತೋರಿಸಿದರು. "ನಿಮ್ಮೂರ ಗಣಪತಿಗೆ ಕರೆಂಟೂ ಬೇಕೇನಯ್ಯಾ?"

ಚಿನ್ನ ಬಿಟ್ಟು, ಗಾಜಿಗೆ ಅಂಟಿಸಿದ್ದ ಯಾವುದೋ ಕರೆಂಟಿನ ಪೆಟ್ಟಿಗೆ ಕಿತ್ತುಕೊಂಡು ಹೋದ ಕಳ್ಳ ಎಂಥವನಿರಬೇಕು? ಮಧ್ಯಾಹ್ನ ಆಸ್ಪತ್ರೆಗೆ ಹೋದಾಗಲೂ ಅವರ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಮದನನ ಎಡಗಾಲಿಗೆ ತರಚು ಗಾಯವೂ ಆಗಿರಲಿಲ್ಲ. ಬಿದ್ದ ಏಟೆಲ್ಲ ಬಲ ಮೊಣಕಾಲಿನ ಕೆಳಗೇ.

"ಗಾಜಿನ ಮೇಲೆ ಏನಿತ್ತು?"

ಮದನ್ ಅಪ್ಪನ ಮುಖ ನೋಡಿದ. ಗುರುಮಲ್ಲಪ್ಪ ಫ್ಯಾನು ನೋಡಿದರು.

"ಕೇಳಿದ್ದು ನಿನ್ನನ್ನ."

"ರೇಡಾರ್ ಡಿಟೆಕ್ಟರ್ ಸಾರ್. ಫ್ರೆಂಡು ದುಬೈಯಿಂದ ತಂದ್ಕೊಟ್ಟಿದ್ದ. ಮುಂದೆ ಎಲ್ಲಾದ್ರೂ ಪೊಲೀಸ್ ಗನ್ ಹಿಡಿದ್ರೆ ದೂರದಲ್ಲೇ ಕೂಗುತ್ತೆ. ಸ್ಲೋ ಮಾಡ್ಕೋಬಹುದು."

"ನಿನ್ನೆ ಕೂಗ್ತಾ?"

"ಕೂಗ್ತು ಸಾರ್. ಅದಕ್ಕೇ ನಲವತ್ತಕ್ಕೆ ಇಳಿಸ್ದೆ. ಚೆಕಿಂಗ್ ಇದೆ ಅಂತ ಅಂದ್ಕೊಂಡೆ."

"ನಿನ್ನೆ ಆ ರಸ್ತೆಗೆ ನಾನು ಚೆಕಿಂಗ್ ಹಾಕಿರಲಿಲ್ಲ," ಎಂದರು ಪ್ರೇಮ್‌ಕುಮಾರ್. ಇದ್ದದ್ದು ಒಂದೇ ಗನ್ನು. ಅದು ಯಾರ ಕೈಯಲ್ಲಿರುತ್ತದೆ ಎಂಬುದು ಠಾಣೆಗೆಲ್ಲ ಗೊತ್ತು.

ಹೇಳಿಕೆ ಬರೆದುಕೊಳ್ಳುವಾಗ ಗುರುಮಲ್ಲಪ್ಪ ಹತ್ತಿರ ಸರಿದರು. "ಆ ಪೆಟ್ಟಿಗೆ ವಿಷ್ಯ ಬರೀಬೇಡಿ ಸಾರ್. ಅದಕ್ಕೂ ಇದಕ್ಕೂ ಏನ್ ಸಂಬಂಧ?" ಪ್ರೇಮ್‌ಕುಮಾರ್ ಆ ಸಾಲನ್ನು ಬರೆದು, ಇನ್ನೊಮ್ಮೆ ಓದಿ ಹೇಳಿ ಮದನನ ಸಹಿ ಹಾಕಿಸಿಕೊಂಡರು.

ಠಾಣೆಗೆ ಮರಳಿದಾಗ ಚಿಕ್ಕಸ್ವಾಮಿ ಬೆಂಚಿನ ಮೇಲೆ ಕೂತು ಗನ್ನನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಅದರ ಚೀಲದ ಪಟ್ಟಿಗೆ ಕಪ್ಪು ಆಯಿಲ್ ಮೆತ್ತಿತ್ತು. ಅದನ್ನು ಮಾತ್ರ ಅವರು ಒರೆಸಿರಲಿಲ್ಲ.

"ನಿನ್ನೆ ಸಂಜೆ ಗನ್ನು ಎಲ್ಲಿತ್ತು, ಚಿಕ್ಕಸ್ವಾಮಿ?"

"ನನ್ ಕೈಲಿತ್ತು ಸಾ. ಬಾಳೆತೋಟದ ತಿರುವಲ್ಲಿ."

ಇಷ್ಟು ಸಲೀಸಾದ ಉತ್ತರ ಪ್ರೇಮ್‌ಕುಮಾರ್‌ಗೆ ಬೇಕಿರಲಿಲ್ಲ. ಸುಳ್ಳು ಹೇಳಪ್ಪಾ, ನಾನು ಅರ್ಧ ದಿನವಾದರೂ ನಂಬುತ್ತೇನೆ ಎಂದು ಅವರ ಮನಸ್ಸು ಬೇಡುತ್ತಿತ್ತು. ಚಿಕ್ಕಸ್ವಾಮಿ ತಮ್ಮ ಬ್ಯಾಗಿನಿಂದ ಅಂಗೈಯಗಲದ ಕರಿ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು.

"ಯಾಕೆ ಮಾಡಿದ್ರಿ?"

"ನನ್ ಮಗಳು ಆಕ್ಸಿಡೆಂಟಲ್ಲಿ ಓಗಿದ್ದು ನಿಮ್ಗೊತ್ತಲ್ಲ ಸಾ. ತಾಂಡವಪುರದಲ್ಲಿ ಬಸ್ಸಿಗೆ ಅಂತ ರೋಡ್ ದಾಟ್ತಿದ್ಲು. ನನ್ ರೋಜಾನ ವಡ್ದದ್ದು ಇವನ ಕಾರೇ."

"ಕೇಸಾಗಲಿಲ್ವಾ?"

"ಆಯ್ತು. ನಂಜನಗೂಡು ಕೋರ್ಟು. ನಾನಾಗ ಅಲ್ಲೇ ಡ್ಯೂಟಿ, ಅದೇ ರೋಡಲ್ಲಿ ಗನ್ ಇಡ್ಕಂಡು ನಿಲ್ತಿದ್ದೆ. ಅವನ್ ಲಾಯರು ನನ್ನೇ ಕೇಳ್ದ, ಈ ಕಾರು ಒಂದ್ಸಲನಾದ್ರೂ ನಿಮ್ ಗನ್ನಲ್ಲಿ ಜಾಸ್ತಿ ಸ್ಪೀಡ್ ತೋರ್ಸೈತಾ ಅಂತ. ಪ್ರಮಾಣ ಮಾಡಿದ್ನಲ್ಲ ಸಾ, ಇಲ್ಲ ಅಂದೆ. ಸ್ಪೀಡಾಗಿ ಓಡಿಸೋನೇ ಅಲ್ಲ ಅಂತ ಬುಟ್ಬುಟ್ರು." ಚಿಕ್ಕಸ್ವಾಮಿ ಪೆಟ್ಟಿಗೆಯತ್ತ ಬೆರಳು ತೋರಿಸಿದರು. "ಆಮೇಲೊಂದಿನ ಇದೇ ಕಾರು ನನ್ ಮುಂದೆ ಬಂದು ನಿಂತ್ಕತು. ಗನ್ ಒತ್ತುದ್ರೆ ಒಳಗೇನೋ ಕೂಗದು, ಬುಟ್ರೆ ಸುಮ್ನಾಗದು. ಗನ್ ಇರೋ ಕಡೆ ಮಾತ್ರ ನಿದಾನ ಓಡುಸ್ತಿದ್ದ ಅಂತ ಆಗ ಗೊತ್ತಾಯ್ತು. ಮೇಲಿನೋರ್ಗೆ ಹೇಳ್ದೆ. ಮುಗ್ದೋದ ಕೇಸು, ಸುಮ್ನಿರಯ್ಯಾ ಅಂದ್ರು."

"ಅದಕ್ಕೆ ಕೊಲ್ಲೋಕೆ ಹೋದ್ರಾ?"

"ಕೊಲ್ಲಂಗಿದ್ರೆ ನಿದಾನ ಯಾಕ್ ಮಾಡುಸ್ತಿದ್ದೆ ಸಾ? ನೂರಿಪ್ಪತ್ರಲ್ಲಿ ಬರೋವಾಗ್ಲೇ ಆಯಿಲ್ ಎರಚ್ತಿದ್ದೆ. ಅವನು ಬದುಕ್ಬೇಕು. ಆಕ್ಸಿಲೇಟರ್ ತುಳ್ದ ಕಾಲು ಎಳ್ಕಂಡು ಬದುಕ್ಬೇಕು."

ಹೊರಗೆ ಕಾರು ನಿಂತ ಸದ್ದಾಯಿತು. ಗುರುಮಲ್ಲಪ್ಪ ಒಳಬಂದವರೇ ಚಿಕ್ಕಸ್ವಾಮಿಯನ್ನು ಕಂಡರು, ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಕಂಡರು. ಬೆಳಿಗ್ಗೆ ಹೇಳದೆ ಕುರ್ಚಿ ಎಳೆದುಕೊಂಡವರು ಈಗ ನಿಂತೇ ಇದ್ದರು.

"ಸಾರ್, ನಂಗೆ ಕಂಪ್ಲೇಂಟ್ ಬೇಡ. ವಾಪಸ್ ತಗೋತೀನಿ. ಪಾಪ, ಮಗಳನ್ನ ಕಳ್ಕೊಂಡಿರೋನು, ದುಡುಕಿದ್ದಾನೆ."

"ಪಾಪ ಅಂತೆ!" ಚಿಕ್ಕಸ್ವಾಮಿ ಎದ್ದು ನಿಂತರು. "ವಾಪಸ್ ಕೊಡ್ಬೇಡಿ ಸಾ. ನನ್ನ ಅರೆಸ್ಟ್ ಮಾಡಿ. ಕೇಸು ಕೋರ್ಟಿಗೆ ಓದ್ರೆ ಇವರ ಮಗ ಸಾಕ್ಷಿ ಕಟ್ಟೆ ಅತ್ತಲೇಬೇಕು. ಯಾಕಪ್ಪಾ ಅಲ್ಲಿ ನಿದಾನ ಮಾಡ್ದೆ ಅಂತ ನನ್ ಲಾಯರ್ ಕೇಳ್ತಾನೆ. ಪೆಟ್ಟಿಗೆ ಕೂಗ್ತು ಅಂತ ಅವನೂ ಪ್ರಮಾಣ ಮಾಡೇ ಏಳ್ಬೇಕು. ನಾನು ಓಡೋಗ್ದೆ ಕೂತಿರೋದು ಅದಕ್ಕೇಯ."

ಪ್ರೇಮ್‌ಕುಮಾರ್ ಕಂಪ್ಲೇಂಟನ್ನು ಕೈಗೆತ್ತಿಕೊಂಡರು. ಕಂಪ್ಲೇಂಟ್ ಹರಿದು ಹಾಕಿದರೆ ತಮಗೊಬ್ಬ ಒಳ್ಳೆಯ ಹೆಡ್ ಕಾನ್‌ಸ್ಟೇಬಲ್ ಉಳಿಯುತ್ತಿದ್ದರು. ಆದರೆ ನಿಜವಾದ ಲಾಭ ಯಾರಿಗೆ ಎಂಬುದು ಗುರುಮಲ್ಲಪ್ಪನವರ ಮುಖದಲ್ಲೇ ಕಾಣುತ್ತಿತ್ತು.

"ಮೂಳೆ ಮುರಿದ ಕೇಸು ನಿಮಗೆ ಬೇಡ ಅಂದ ತಕ್ಷಣ ಮುಗಿಯಲ್ಲ. ಕರಿಯಯ್ಯ, ಪಂಚರನ್ನ ಕರಿ. ಈ ಪೆಟ್ಟಿಗೆ ಜಪ್ತಿ ಪಂಚನಾಮೆ ಆಗ್ಬೇಕು."

ಪೆಟ್ಟಿಗೆ ಕೆಲಸ ಮಾಡುತ್ತದೆಯೇ ಎಂದು ಪಂಚರ ಎದುರು ನೋಡಬೇಕಿತ್ತು. ಜೀಪಿನ ಬ್ಯಾಟರಿಗೆ ವೈರು ಕೊಟ್ಟರು. ಗನ್ ಒತ್ತಲು ಬರುತ್ತಿದ್ದದ್ದು ಠಾಣೆಯಲ್ಲಿ ಒಬ್ಬರಿಗೇ. ಪ್ರೇಮ್‌ಕುಮಾರ್ ಗನ್ನನ್ನು ಆರೋಪಿಯ ಕೈಗೇ ಕೊಟ್ಟರು. ಚಿಕ್ಕಸ್ವಾಮಿ ಒತ್ತಿದರು. ಪೆಟ್ಟಿಗೆ ಕೀಚಲು ದನಿಯಲ್ಲಿ ಕೂಗಿತು. ಅವರು ಬೆರಳು ತೆಗೆಯಲಿಲ್ಲ. ಗುರುಮಲ್ಲಪ್ಪ ಸಾಕು ನಿಲ್ಸಿ ಎಂದು ಕಿವಿ ಮುಚ್ಚಿಕೊಳ್ಳುವವರೆಗೂ ಅದು ಕೂಗುತ್ತಲೇ ಇತ್ತು.

ಪೆಟ್ಟಿಗೆಗೂ ಗನ್ನಿಗೂ ಕರಿಯಯ್ಯ ಜಪ್ತಿಯ ಚೀಟಿ ಅಂಟಿಸಿದ. ಚಿಕ್ಕಸ್ವಾಮಿ ಬೆಲ್ಟು, ಟೋಪಿ ಬಿಚ್ಚಿ ಮೇಜಿನ ಮೇಲಿಟ್ಟು ಲಾಕಪ್ಪಿನತ್ತ ನಡೆದವರು ಬಾಗಿಲಲ್ಲಿ ತಿರುಗಿದರು.

"ಆ ಮದನ ಸಾಕ್ಷಿ ಏಳೋ ದಿನ ನನ್ನ ಕೋರ್ಟಿಗೆ ಕರ್ಕಂಡೋಗ್ತೀರಲ್ವಾ ಸಾ?"

"ಆರೋಪಿ ಎದುರಿಗೇ ಸಾಕ್ಷಿ ಹೇಳ್ಬೇಕು, ಚಿಕ್ಕಸ್ವಾಮಿ. ಅದು ಕಾನೂನು."

"ಅಷ್ಟು ಸಾಕು," ಎಂದು ಅವರು ತಾವೇ ಬಾಗಿಲು ಎಳೆದುಕೊಂಡರು.